ಪೆನ್ಸಿಲ್ ವಿಕರ್ಸ್ ಮತ್ತು ಎಂಟು ಎಣಿಕೆಯ ಮೌನ

ಬೆಳಗಿನ ಐದೂವರೆ. ಉತ್ತರ ಓಮಾಹಾದ ಇಪ್ಪತ್ತನಾಲ್ಕನೇ ರಸ್ತೆಯಲ್ಲಿ ದೀಪ ಹೊತ್ತಿರುವುದು ಒಂದೇ ಒಂದು ಕಿಟಕಿಯಲ್ಲಿ. ಒಳಗೆ ಕಾವಲಿ ಕಾದಿದೆ. ಅದರ ಮುಂದೆ ನಿಂತಿರುವ ಅಲೋಂಜೊ ವಿಕರ್ಸ್ ಅವರಿಗೆ ಎಪ್ಪತ್ತೊಂದು ವರ್ಷ. ಬಲಗೈಯಲ್ಲಿ ಸಟ್ಟುಗ, ಎರಡು ಕಿವಿಯ ಮೇಲೂ ಒಂದೊಂದು ಪೆನ್ಸಿಲ್. ಎಡಗಿವಿಯದು ಗಿರಾಕಿಗಳ ಆರ್ಡರ್ ಬರೆಯಲಿಕ್ಕೆ, ಬಲಗಿವಿಯದು ಸಂಗೀತಕ್ಕೆ. ಆಲೂಗಡ್ಡೆ ಹೋಳುಗಳ ಒಂದು ಮಗ್ಗುಲು ಕೆಂಪಾಗುವಷ್ಟರಲ್ಲಿ ಅವರು ಸಟ್ಟುಗ ಕೆಳಗಿಟ್ಟು, ಸಕ್ಕರೆ ಡಬ್ಬಿಯ ಪಕ್ಕ ಹರಡಿಕೊಂಡ ಐದು ಗೆರೆಯ ಹಾಳೆಯ ಹತ್ತಿರ ಹೋಗಿ ನಾಲ್ಕು ಸ್ವರ ಬರೆಯುತ್ತಾರೆ. ಮತ್ತೆ ಬಂದು ಆಲೂಗಡ್ಡೆ ಮಗುಚುತ್ತಾರೆ. ಪಿಯಾನೊ ಇಲ್ಲ, ಗುನುಗುವುದೂ ಇಲ್ಲ. ಹದಿನಾಲ್ಕು ವಾದ್ಯಗಳು ತಲೆಯೊಳಗೇ ನುಡಿಯುತ್ತಿವೆ.

ಯಾರೋ ಬಾಗಿಲು ಬಡಿಯುತ್ತಾರೆ. ಯಾರೋ ಏನು, ರೂಫಸ್ ಟೀಗ್. ಎಪ್ಪತ್ಮೂರರ ಟ್ರಾಂಬೋನ್ ವಾದಕ, ಜಾರುವ ಕೊಳವೆಯ ದೊಡ್ಡ ತುತ್ತೂರಿ ಊದುವವರು.

"ಬಾಗ್ಲು ತೆಗಿಯೋ, ಚಳಿಗೆ ಮೂಗು ಉದುರಿ ಬೀಳ್ತಾ ಇದೆ!"

"ಆರು ಗಂಟೆಗೆ ತೆಗಿಯೋದು. ಬೋರ್ಡ್ ಓದಕ್ಕೆ ಬರಲ್ವಾ?"

"ಓದಕ್ಕೆ ಬರಲ್ಲ ಅಂತ ನಿಂಗೆ ಗೊತ್ತಲ್ಲೋ!"

ಗಾಜಿನ ಆಚೆ ಒಬ್ಬರು, ಈಚೆ ಒಬ್ಬರು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ದಿನಾ ಇದೇ ಮಾತು, ದಿನಾ ಇದೇ ನಗು. ಅಲೋಂಜೊ ಅವರ ಮಗಳು, ಈ ಹೋಟೆಲಿನ ಯಜಮಾನಿ ಅರ್ನೆಸ್ಟೀನ್ ಹಿಂದಿನಿಂದ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಚಿಲಕ ತೆಗೆಯುತ್ತಾರೆ. "ನಲವತ್ನಾಲ್ಕು ವರ್ಷ ಒಬ್ಬರ ಮುಖ ನೋಡಿ ಒಬ್ಬರು ಮಾತಾಡ್ಲಿಲ್ಲ ಇವರು. ಆಗ ಈ ಹೋಟ್ಲು ಎಷ್ಟು ನೆಮ್ಮದಿಯಾಗಿತ್ತು ಗೊತ್ತಾ?" ಎನ್ನುತ್ತಾರೆ.

ಒಂಬತ್ತು ಸ್ಟೂಲು, ನಾಲ್ಕು ಮೇಜು. ದಿನಕ್ಕೆ ಹದಿನೈದು ಡಜನ್ ಮೊಟ್ಟೆ, ನಲವತ್ತು ಪೌಂಡ್ ಆಲೂಗಡ್ಡೆ, ಎರಡು ದೊಡ್ಡ ಪಾತ್ರೆ ಜೋಳದ ರವೆಯ ಗಂಜಿ. ಅಲೋಂಜೊ ನಾಲ್ಕೂವರೆಗೆ ಬಂದು ಹನ್ನೊಂದಕ್ಕೆ ಏಪ್ರನ್ ಬಿಚ್ಚುತ್ತಾರೆ. ಅಷ್ಟರಲ್ಲಿ ಮೂರು ಪುಟ ಸಂಗೀತ ಆದರೆ ಒಳ್ಳೆಯ ದಿನ. ಕೆಲವೊಮ್ಮೆ ಪೆನ್ಸಿಲ್ ಅದಲುಬದಲಾಗುತ್ತದೆ. ಒಮ್ಮೆ ಚರ್ಚಿನ ಬ್ಯಾಂಡಿನಲ್ಲಿ ಎರಡನೇ ಟ್ರಂಪೆಟ್ ನುಡಿಸುವ ಕ್ಷೌರಿಕನ ಹಾಳೆಯಲ್ಲಿ, ಸ್ವರಗಳ ನಡುವೆ, 'ಎರಡು ಮೊಟ್ಟೆ, ಈರುಳ್ಳಿ ಬೇಡ' ಎಂದಿತ್ತು. ಆತ ಅದನ್ನೂ ಲಯ ತಪ್ಪದೆ ಹಾಡಿಬಿಟ್ಟನಂತೆ.

ಇದೇ ಚಳಿಗಾಲದಲ್ಲಿ ಬಂದ ಒಂದು ರೆಕಾರ್ಡಿನ ಹಿಂಬದಿಯಲ್ಲಿ 'ಎಲ್ಲ ವಾದ್ಯ ಸಂಯೋಜನೆ: ಅಲೋಂಜೊ ವಿಕರ್ಸ್' ಎಂದು ಅಚ್ಚಾಗಿದೆ. ಒಳಗಿನ ಸಂಗೀತ ಮೂವತ್ತೆಂಟನೇ ಇಸವಿಯದು. ಆಗ ಅವರಿಗೆ ಇಪ್ಪತ್ತಾರು. ಆಮೇಲೆ ನಲವತ್ನಾಲ್ಕು ವರ್ಷ ಆ ಹೆಸರನ್ನು ಯಾರೂ ಎತ್ತಿರಲಿಲ್ಲ.

ಸಂಯೋಜಕ ಅಂದರೆ ಏನು ಕೆಲಸ ಎಂದು ಕೇಳಿದರೆ ಅಲೋಂಜೊ ಸರಳವಾಗಿ ಹೇಳುತ್ತಾರೆ. "ಹಾಡು ಯಾರ್ದೋ. ಹದಿಮೂರು ಜನ ಕೂತಿರ್ತಾರೆ, ಎಲ್ಲಾರಿಗೂ ಬಾಯಿ ಇದೆ, ಗಾಳಿ ಇದೆ. ಒಟ್ಟಿಗೆ ಊದಿದ್ರೆ ಸಂತೆ ಆಗತ್ತೆ. ಯಾರು ಯಾವಾಗ ಬಾಯಿ ತೆಗೀಬೇಕು, ಯಾವಾಗ ಮುಚ್ಕೊಂಡಿರ್ಬೇಕು ಅಂತ ಬರ್ಕೊಡೋನು ನಾನು. ಮುಚ್ಕೊಂಡಿರೋದು ಬರಿಯೋದೇ ಕಷ್ಟ."

ಮೂವತ್ತೈದರಿಂದ ಮೂವತ್ತೆಂಟರವರೆಗೆ ಅವರು ಫ್ಲಾಯ್ಡ್ ಡಾಬಿನ್ಸ್ ಎಂಬ ಕ್ಲಾರಿನೆಟ್ ವಾದಕನ ಬ್ಯಾಂಡಿನಲ್ಲಿದ್ದರು. ಮುಂದೆ ನಿಂತು ಕೋಲು ಬೀಸಿ ಬ್ಯಾಂಡು ನಡೆಸುವವನೂ ಅವನೇ. ಹದಿಮೂರು ಜನ, ಒಂದು ಹಳೇ ಬಸ್ಸು. ಇವತ್ತು ನಾರ್ತ್ ಪ್ಲಾಟ್, ನಾಳೆ ಸೂ ಸಿಟಿ, ನಾಡಿದ್ದು ದಕೋಟಾದ ಯಾವುದೋ ಗೋಧಿ ಊರಿನ ಸಭಾಂಗಣ. ಒಂದೊಂದು ಕುಣಿತಕ್ಕೆ ಮುನ್ನೂರು ಮೈಲಿ ಓಡಾಟ. ಕರಿಯರಿಗೆ ಹೋಟೆಲಿನಲ್ಲಿ ಕೋಣೆ ಕೊಡುತ್ತಿರಲಿಲ್ಲ, ಬಸ್ಸಿನಲ್ಲೇ ನಿದ್ದೆ. ಊಟಕ್ಕೆ ಅಂಗಡಿಗಳ ಹಿಂಬಾಗಿಲಲ್ಲಿ ಸಿಕ್ಕ ಬ್ರೆಡ್ಡು, ಸಾರ್ಡೀನ್ ಡಬ್ಬಿ. ಅಲೋಂಜೊ ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದರು. 'ಪೆನ್ಸಿಲ್' ಎಂಬ ಹೆಸರು ಅಲ್ಲೇ ಅಂಟಿಕೊಂಡದ್ದು. "ರಸ್ತೆ ಕೆಟ್ಟಿದ್ರೆ ಕಾಗದದ ಮೇಲೆ ಕಾಣ್ತಿತ್ತು. ದಕೋಟಾದಲ್ಲಿ ಬರ್ದಿದ್ದು ಕೋಳಿ ಕೆದರಿದ ಹಾಗೆ," ಎಂದು ನಗುತ್ತಾರೆ. "ನಂಗೆ ಸಿಕ್ಕಿದ್ದು ಲೋಕದಲ್ಲೇ ಒಳ್ಳೇ ಬ್ಯಾಂಡಲ್ಲ. ಒಬ್ಬನಿಗೆ ಮೇಲಿನ ಸ್ವರ ಹತ್ತಲ್ಲ, ಇನ್ನೊಬ್ಬನಿಗೆ ಹಲ್ಲು ನೋವು. ಯಾರಿಗೆ ಏನು ಬರತ್ತೋ ಅದನ್ನೇ ಬರ್ದು ಕೊಡ್ತಿದ್ದೆ. ಬರದೇ ಇರೋದು ಜನಕ್ಕೆ ಗೊತ್ತಾಗ್ತಿರ್ಲಿಲ್ಲ."

ಆ ಬಸ್ಸಿನಲ್ಲಿ ಪಕ್ಕದ ಸೀಟು ರೂಫಸ್ ಅವರದು. ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು, ಒಂದೇ ಚರ್ಚಿಗೆ ಹೋದವರು. ಒಂದು ಕಂಬಳಿ ಸಾಕಾಗುತ್ತಿತ್ತು ಇಬ್ಬರಿಗೂ.

ಮೂವತ್ತೆಂಟರ ಅಕ್ಟೋಬರಿನಲ್ಲಿ ಓಮಾಹಾದ ಒಂದು ನೃತ್ಯಶಾಲೆಯಿಂದ ಬ್ಯಾಂಡಿನ ಕಾರ್ಯಕ್ರಮ ರೇಡಿಯೊದಲ್ಲಿ ನೇರ ಪ್ರಸಾರವಾಯಿತು. ಷಿಕಾಗೊದಿಂದ ಒಬ್ಬ ಏಜೆಂಟ್ ಕೇಳಲೆಂದೇ ಬಂದು ಮುಂದಿನ ಮೇಜಿನಲ್ಲಿ ಕೂತಿದ್ದ. ಒಪ್ಪಿಗೆಯಾದರೆ ರೆಕಾರ್ಡ್, ದೊಡ್ಡ ನಗರ, ಮಲಗಲಿಕ್ಕೆ ಹಾಸಿಗೆ. ಕೊನೆಯದು ಅಲೋಂಜೊ ಅವರದೇ ರಚನೆ, 'ಇಪ್ಪತ್ತನಾಲ್ಕನೇ ರಸ್ತೆಯ ಬೆಳಗು.' ಅದರ ಕೊನೆಯ ಸುತ್ತಿನಲ್ಲಿ ಅವರೊಂದು ಧೈರ್ಯ ಮಾಡಿದ್ದರು. ಓಡುತ್ತಿರುವ ಬ್ಯಾಂಡು ತಟ್ಟನೆ ನಿಲ್ಲಬೇಕು. ಎಂಟು ಎಣಿಕೆ ಪೂರ್ತಿ ಮೌನ. ಒಂಬತ್ತಕ್ಕೆ ಹದಿಮೂರು ಜನವೂ ಒಟ್ಟಿಗೆ.

ಬ್ಯಾಂಡು ನಿಂತಿತು. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ರೂಫಸ್ ಅವರ ಟ್ರಾಂಬೋನ್ 'ಬ್ರಾಂಪ್' ಎಂದಿತು, ಒಂಟಿಯಾಗಿ. ಕುಣಿಯುತ್ತಿದ್ದವರು ನಕ್ಕರು. ಉಳಿದವರು ಒಬ್ಬರ ಹಿಂದೆ ಒಬ್ಬರು ಎಡವಿಕೊಂಡು ಒಳಬಂದರು. ಏಜೆಂಟ್ ಟೊಪ್ಪಿ ಹಾಕಿಕೊಂಡು ಎದ್ದುಹೋದ.

ವೇದಿಕೆಯ ಹಿಂದೆ ಡಾಬಿನ್ಸ್ ಕೂಗಾಡಿದ. ಕಾಗದದಲ್ಲಿ ಇದ್ದದ್ದೇ ನಾಲ್ಕು ಎಣಿಕೆ ಎಂದರು ರೂಫಸ್. ನಾನು ಬರೆದದ್ದು ಎಂಟು ಎಂದರು ಅಲೋಂಜೊ. ಹಾಳೆ ತೋರಿಸು ಎಂದರೆ ಗಲಾಟೆಯಲ್ಲಿ ಅದು ಎಲ್ಲೋ ಕಳೆದುಹೋಗಿತ್ತು. ಡಾಬಿನ್ಸ್ ಆವತ್ತೇ ಅಲೋಂಜೊ ಅವರನ್ನು ಬ್ಯಾಂಡಿನಿಂದ ತೆಗೆದುಹಾಕಿದ. ಮುಂದಿನ ವರ್ಷ ಬಸ್ಸಿಗೆ ಬೆಂಕಿ ಬಿದ್ದು ಉಳಿದ ಹಾಳೆಗಳೂ ಸುಟ್ಟುಹೋದವು, ಬ್ಯಾಂಡೂ ಚದುರಿತು. ಡಾಬಿನ್ಸ್ ಕ್ಯಾಲಿಫೋರ್ನಿಯಾಕ್ಕೆ ಹೋದವನು ಅಲ್ಲೇ ತೀರಿಕೊಂಡ.

ಅಲೋಂಜೊ ಮಾಂಸದ ಕಾರ್ಖಾನೆ ಸೇರಿದರು. ಎದೆಯ ಎತ್ತರಕ್ಕೆ ತೂಗುತ್ತಾ ಬರುವ ಹಂದಿಗಳ ಮುಂದೆ ಕತ್ತಿ ಹಿಡಿದು ಇಪ್ಪತ್ತೊಂಬತ್ತು ವರ್ಷ. ಅದರಲ್ಲಿ ಮೊದಲ ಇಪ್ಪತ್ತೊಂದು ವರ್ಷ ಅವರು ಒಂದು ಸ್ವರವನ್ನೂ ಬರೆಯಲಿಲ್ಲ. ಇದನ್ನು ಹೇಳುವಾಗ ಮಾತ್ರ ಅವರ ದನಿ ತಗ್ಗುತ್ತದೆ. "ಎಲ್ಲಾರೂ ಕೋಪ ಅಂದ್ಕೊಂಡಿದ್ರು. ಕೋಪ ಅಲ್ಲ. ಆ ಟ್ರಾಂಬೋನ್ ಹಾಳೆ ನಾನು ಕಡೇದಾಗಿ ಬರ್ದಿದ್ದು, ಬೆಳಗಿನ ಜಾವ, ಸೂ ಸಿಟಿ ದಾಟ್ತಾ ಇದ್ವಿ. ಕಣ್ಣು ಎಳೀತಿತ್ತು. ಮನಸ್ಸಲ್ಲಿ ಎಂಟು ಇತ್ತು. ಕೈ ನಾಲ್ಕು ಬರೀತೋ ಏನೋ? ಅದು ಗೊತ್ತಿರ್ಲಿಲ್ಲ ನಂಗೆ. ನನ್ನ ಹೆಂಡ್ತಿಗೂ ಹೇಳಿರ್ಲಿಲ್ಲ. ಹದಿಮೂರು ಜನದ ಬಾಳು ನನ್ನ ಒಂದು ತೂಕಡಿಕೆಯಲ್ಲಿ ಹೋಯ್ತೋ ಏನೋ ಅಂತ ಇರೋವಾಗ ಪೆನ್ಸಿಲ್ ಹಿಡಿಯೋಕೆ ಕೈ ಬರ್ತಿರ್ಲಿಲ್ಲ."

ಅರವತ್ತನೇ ಇಸವಿಯಲ್ಲಿ ಚರ್ಚಿಗೆ ಐವತ್ತು ವರ್ಷ ತುಂಬಿತು. ಪಾದ್ರಿಗಳು ಮನೆಗೇ ಬಂದು ಕೂತರು. "ಬ್ರದರ್ ವಿಕರ್ಸ್, ನಮ್ಮಲ್ಲಿ ಊದೋರು ಹತ್ತು ಜನ ಇದ್ದಾರೆ. ಹತ್ತು ಜನಾನೂ ಹತ್ತು ದಿಕ್ಕಿಗೆ ಊದ್ತಾರೆ. ದೇವರಿಗೇ ತಲೆನೋವು ಬರೋ ಹಾಗಿದೆ. ಏನಾದ್ರೂ ಮಾಡಿ," ಎಂದರು. ಮಾಡಲೇಬೇಕಾಯಿತು. ಚರ್ಚಿನ ನೆಲಮಾಳಿಗೆಯಲ್ಲಿ ಗುರುವಾರ ಸಂಜೆಯ ಬ್ಯಾಂಡು ಹುಟ್ಟಿದ್ದು ಹಾಗೆ. ಕ್ಷೌರಿಕ, ದಾದಿ, ನಿವೃತ್ತ ಅಂಚೆಯವನು, ಇಬ್ಬರು ಬಸ್ ಡ್ರೈವರ್‌ಗಳು. ಟ್ರಾಂಬೋನ್ ಇದ್ದದ್ದು ಒಬ್ಬರ ಹತ್ತಿರವೇ, ಬ್ರದರ್ ಟೀಗ್, ಅದೇ ರೂಫಸ್.

ಅಲೋಂಜೊ ಬೇಡ ಅನ್ನಲಿಲ್ಲ. ಆದರೆ ರೂಫಸ್ ಅವರ ಹಾಳೆಯಲ್ಲಿ ಎಲ್ಲೆಲ್ಲಿ ಮೌನ ಬರುತ್ತದೋ ಅಲ್ಲೆಲ್ಲ ಒಂದು, ಎರಡು, ಮೂರು, ನಾಲ್ಕು ಎಂದು ದಪ್ಪಗೆ ಅಂಕಿ ಹಾಕಿ ಕೊಡುತ್ತಿದ್ದರು, ಒಂದನೇ ತರಗತಿಗೆ ಕೊಟ್ಟ ಹಾಗೆ. ಏನಾದರೂ ಹೇಳುವುದಿದ್ದರೆ ಕ್ಷೌರಿಕನ ಮೂಲಕ. ಅರವತ್ತೊಂಬತ್ತರಲ್ಲಿ ಅರ್ನೆಸ್ಟೀನ್ ಹೋಟೆಲ್ ತೆರೆದು, ಕಾರ್ಖಾನೆ ಮುಚ್ಚಿದ್ದರಿಂದ ಮನೆಯಲ್ಲಿದ್ದ ತಂದೆಯನ್ನು ಕಾವಲಿಯ ಮುಂದೆ ನಿಲ್ಲಿಸಿದರು. ಮೊದಲ ದಿನವೇ ರೂಫಸ್ ಬಂದು ಕೊನೆಯ ಸ್ಟೂಲಿನಲ್ಲಿ ಕೂತರು. ಅವತ್ತಿನಿಂದ ಭಾನುವಾರ ಬಿಟ್ಟು ದಿನಾ ಬಂದರು. "ಮಗಳೇ, ನಿಮ್ಮಪ್ಪನಿಗೆ ಹೇಳು, ಗಂಜಿಗೆ ಉಪ್ಪು ಕಡಿಮೆ." ಮೂರಡಿ ದೂರದಲ್ಲಿ ನಿಂತ ಅಪ್ಪ: "ಅವನಿಗೆ ಹೇಳು, ಉಪ್ಪು ಅವನ ಮುಂದೇನೇ ಇದೆ." ಅರ್ನೆಸ್ಟೀನ್ ನಡುವೆ ನಿಂತು ಎರಡೂ ಕಡೆ ತಲೆಯಾಡಿಸುತ್ತಿದ್ದರು. ಹದಿಮೂರು ವರ್ಷ ಹೀಗೇ ನಡೆಯಿತು.

ಕಳೆದ ನವೆಂಬರಿನಲ್ಲಿ ಹೋಟೆಲಿನ ಫೋನ್ ಬಡಿದುಕೊಂಡಿತು. ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡುವ ಮಾರ್ಟಾ ಕುಚೇರಾ ಎಂಬವರು. ಅವರ ತಂದೆ ದಕ್ಷಿಣ ಓಮಾಹಾದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವರು. ರೇಡಿಯೊದಲ್ಲಿ ಬಂದದ್ದನ್ನು ಹಾಗೇ ಖಾಲಿ ಗ್ರಾಮಫೋನ್ ತಟ್ಟೆಗಳ ಮೇಲೆ ಕೊರೆದಿಡುವ ಯಂತ್ರವೊಂದು ಅವರಲ್ಲಿತ್ತು. ಅವರು ತೀರಿಕೊಂಡ ಮೇಲೆ ಮಾರ್ಟಾ ನೆಲಮಾಳಿಗೆ ಖಾಲಿ ಮಾಡುವಾಗ ಉಪ್ಪಿನಕಾಯಿ ಜಾಡಿಗಳ ಹಿಂದೆ ಒಂದು ಪೆಟ್ಟಿಗೆ ಸಿಕ್ಕಿತು. ಒಂಬತ್ತು ತಟ್ಟೆಗಳು, ಲಕೋಟೆಗಳ ಮೇಲೆ 'ಡಾಬಿನ್ಸ್ ಬ್ಯಾಂಡ್, ೧೯೩೮.' ಕೇಳಿ ನೋಡಿದರೆ ಕಾರ್ಯಕ್ರಮ ಹೇಳುವವನು ಒಂದು ಕಡೆ, 'ಈ ಸಂಯೋಜನೆ ಬ್ಯಾಂಡಿನ ಅಲೋಂಜೊ ವಿಕರ್ಸ್ ಅವರದು' ಎನ್ನುತ್ತಾನೆ. ಮಾರ್ಟಾ ಫೋನ್ ಪುಸ್ತಕ ತೆಗೆದರು. ಊರಿಗೆಲ್ಲ ಒಬ್ಬರೇ ಅಲೋಂಜೊ ವಿಕರ್ಸ್.

"ನೀವು ಮೂವತ್ತೆಂಟರಲ್ಲಿ ಡಾಬಿನ್ಸ್ ಅವರ ಜೊತೆ ಇದ್ದವರೇನಾ?" ಎಂದು ಕೇಳಿದರಂತೆ.

"ನಾನು ಗೆಣಸಿನ ಪೈಗೆ ಆರ್ಡರ್ ಅಂದ್ಕೊಂಡಿದ್ದೆ," ಎನ್ನುತ್ತಾರೆ ಅಲೋಂಜೊ. "ಎಷ್ಟು ಬೇಕು ಅಂತ ಕೇಳಿದೆ. ಒಂಬತ್ತಿದೆ ಅಂದ್ರು. ಒಂಬತ್ತು ಪೈ ನಾಳೆ ಆಗಲ್ಲ ಅಂದೆ."

ಮಾರ್ಟಾ ಎಂಟು ತಟ್ಟೆಗಳನ್ನು ಅವರಿಗೆ ಕೇಳಿಸಿದರು. ಇಪ್ಪತ್ತಾರರ ಹುಡುಗ ಬರೆದದ್ದನ್ನು ಎಪ್ಪತ್ತರ ಅಡುಗೆಯವರು ಏಪ್ರನ್ ಬಿಚ್ಚದೆ ನಿಂತೇ ಕೇಳಿದರು. ಕೇಳುತ್ತಾ ಎರಡು ಕಡೆ ಮುಖ ಕಿವುಚಿದರು. "ಇಲ್ಲಿ ಸ್ಯಾಕ್ಸೊಫೋನ್ ಜಾಸ್ತಿ ಆಯ್ತು. ಹುಡುಗು ಬುದ್ಧಿ, ಎಲ್ಲಾ ಗೊತ್ತು ಅಂತ ತೋರ್ಸ್ಕೊಳ್ಳೋದು," ಎಂದರು. ಇನ್ನೊಂದು ಕಡೆ ಕಣ್ಣು ಮುಚ್ಚಿಕೊಂಡು, "ಇದು ಪರವಾಗಿಲ್ಲ," ಎಂದರು. ಮಾರ್ಟಾ ಹೇಳುವ ಪ್ರಕಾರ ಆ ಮನುಷ್ಯ ತನ್ನನ್ನು ತಾನು ಹೊಗಳಿಕೊಂಡದ್ದು ಅಷ್ಟೇ.

ಒಂಬತ್ತನೆಯದು 'ಇಪ್ಪತ್ತನಾಲ್ಕನೇ ರಸ್ತೆಯ ಬೆಳಗು.' ಅದನ್ನು ಹಾಕಲಿಕ್ಕೆ ಹೋದಾಗ ಅಲೋಂಜೊ ಕೈ ಅಡ್ಡ ಹಿಡಿದರು. "ಅದೊಂದು ಬೇಡ."

ಒಂದು ಸಣ್ಣ ಕಂಪನಿ ಇವನ್ನೆಲ್ಲ ಸೇರಿಸಿ ರೆಕಾರ್ಡ್ ತರಲು ಒಪ್ಪಿತ್ತು. ಅವರಿಗೆ ಬೇಕಾದದ್ದೇ ಆ ಒಂಬತ್ತನೆಯದು. ಅದಿಲ್ಲದಿದ್ದರೆ ಯೋಚನೆ ಮಾಡಬೇಕಾಗುತ್ತದೆ ಎಂದರು. ಅಲೋಂಜೊ ಜಗ್ಗಲಿಲ್ಲ. ಅತ್ತ ಸುದ್ದಿ ಬೀದಿಗೆ ಹರಡಿತು. ರೆಕಾರ್ಡು ಸಿಕ್ಕಿದೆಯಂತೆ ಎಂದು ಕಿವಿಗೆ ಬಿದ್ದ ಮರುದಿನ ರೂಫಸ್ ತಿಂಡಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕನೇ ದಿನ ಅರ್ನೆಸ್ಟೀನ್ ನೋಡುತ್ತಾರೆ, ಕೊನೆಯ ಸ್ಟೂಲಿನ ಮುಂದೆ ಅಪ್ಪ ಕಪ್ಪು ಇಟ್ಟಿದ್ದಾರೆ. "ಯಾರಿಗೆ?" ಎಂದರೆ, "ಧೂಳು ಕೂರ್ಬಾರ್ದು ಅಂತ ತೊಳೆದಿಟ್ಟೆ," ಎಂದರು.

ಅರ್ನೆಸ್ಟೀನ್‌ಗೆ ಸಾಕಾಗಿಹೋಯಿತು. ಮಾರ್ಟಾ ಅವರಿಂದ ಒಂಬತ್ತನೆಯ ತಟ್ಟೆಯ ಕ್ಯಾಸೆಟ್ ತರಿಸಿಕೊಂಡರು. ರೂಫಸ್ ಅವರ ಹೆಂಡತಿ, ಚರ್ಚಿನಲ್ಲಿ ಆರ್ಗನ್ ನುಡಿಸುವ ಹ್ಯಾಟಿ ಅವರಿಗೆ ಫೋನ್ ಮಾಡಿದರು. "ಆಂಟೀ, ನಾಳೆ ಬೆಳಿಗ್ಗೆ ಅವರನ್ನ ಎಬ್ಬಿಸಿ ಕಳ್ಸಿ. ಬರಲ್ಲ ಅಂದ್ರೆ ಕಾಫಿ ಪುಡಿ ಮುಗ್ದಿದೆ ಅಂತ ಹೇಳಿ." ಹ್ಯಾಟಿ ಪುಡಿ ಡಬ್ಬಿಯನ್ನೇ ಬಚ್ಚಿಟ್ಟರು.

ಮರುದಿನ ಐದೂಮುಕ್ಕಾಲಿಗೆ ರೂಫಸ್ ಗೊಣಗುತ್ತಾ ಬಂದು ಕೂತರು. ಅಲೋಂಜೊ ಬೆನ್ನು ತಿರುಗಿಸಿಕೊಂಡು ಕಾವಲಿಗೆ ಬೇಕನ್ ಮಾಂಸದ ಪಟ್ಟಿಗಳನ್ನು ಹಾಕುತ್ತಿದ್ದರು. ಅರ್ನೆಸ್ಟೀನ್ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಕ್ಯಾಸೆಟ್ಟಿನ ಗುಂಡಿ ಒತ್ತಿದರು.

"ನಾನು ಅಪ್ಪನ ಆ ಕಾಲದ್ದು ಕೇಳಿದ್ದೇ ಅವತ್ತು ಮೊದಲು," ಎನ್ನುತ್ತಾರೆ ಅವರು. "ಹದಿಮೂರು ಜನ ಅನ್ನಿಸ್ಲಿಲ್ಲ. ಅಂಗಡಿ ಬಾಗಿಲು ತೆಗಿಯೋದು, ಹಾಲಿನ ಗಾಡಿ ಬರೋದು, ಹೆಂಗಸರು ಮೆಟ್ಟಿಲು ಗುಡಿಸೋದು, ಇಡೀ ಬೀದಿ ಎದ್ದು ಬಂದ ಹಾಗಿತ್ತು. 'ನಿಲ್ಸು' ಅನ್ನೋಕೆ ಅಪ್ಪಂಗೆ ಬಿಡ್ಲಿಲ್ಲ ನಾನು."

ಕೊನೆಯ ಸುತ್ತು ಬಂತು. ಬ್ಯಾಂಡು ನಿಂತಿತು. ಒಂದು, ಎರಡು, ಮೂರು, ನಾಲ್ಕು. "ಹೇಯ್!" ಆಮೇಲೆ ಬ್ರಾಂಪ್.

ಅಲೋಂಜೊ ತಿರುಗಿದರು. "ಹಿಂದಕ್ಕೆ ಓಡ್ಸು."

ಅರ್ನೆಸ್ಟೀನ್ ಓಡಿಸಿದರು. ಮತ್ತೆ ಅದೇ. ಟ್ರಾಂಬೋನಿಗೆ ಮುಂಚೆ, ಕೂದಲೆಳೆಯಷ್ಟು ಮುಂಚೆ, ಒಂದು ಗಂಡು ದನಿ, ಜೊತೆಗೆ ಕೋಲು ಕುಟ್ಟಿದ ಸದ್ದು. ಮೈಕಿನ ಹತ್ತಿರ ನಿಂತವನ ದನಿ. ಆವತ್ತು ಸಭಾಂಗಣದಲ್ಲಿ ಟ್ರಾಂಬೋನಿನ ಅಬ್ಬರದಲ್ಲಿ ಯಾರಿಗೂ ಕೇಳಿಸದೆ ಹೋದದ್ದು ತಟ್ಟೆಯ ಮೇಲೆ ಸ್ಪಷ್ಟವಾಗಿ ಕೊರೆದುಕೊಂಡಿತ್ತು. ಮೂರನೇ ಸಲ ಓಡಿಸುವಾಗ ಬೇಕನ್ ಸುಟ್ಟು ಹೊಗೆಯಾಡುತ್ತಿತ್ತು. ಯಾರೂ ಅದನ್ನು ನೋಡಲಿಲ್ಲ.

"ಅವನನ್ನ ಕೇಳು," ಎಂದರು ಅಲೋಂಜೊ ಮಗಳಿಗೆ, ಅಭ್ಯಾಸಬಲದಿಂದ. "ಆ ಕೂಗು ಯಾರ್ದು ಅಂತ."

"ಡಾಬಿನ್ಸ್‌ದು ಅಂತ ಹೇಳು," ಎಂದರು ರೂಫಸ್ ಕಪ್ಪಿನೊಳಗೆ ನೋಡುತ್ತಾ. "ಅವನೇ ಎಣಿಕೆ ತಪ್ಪಿದ. ಕೋಲು ಎತ್ತಿ ಕೂಗ್ದ. ನಾನು ಊದ್ದೆ."

"ಡಾಬಿನ್ಸ್ ಮುಖ ಯಾಕೆ ನೋಡ್ತಿದ್ದ ಅಂತ ಕೇಳು. ಮುಂದೆ ನನ್ನ ಹಾಳೆ ಇತ್ತಲ್ಲ."

ರೂಫಸ್ ಕಪ್ಪು ಕೆಳಗಿಟ್ಟು, ಸ್ಟೂಲನ್ನು ಪೂರ್ತಿ ತಿರುಗಿಸಿ, ಅರ್ನೆಸ್ಟೀನ್ ಅವರನ್ನು ದಾಟಿ ನೇರವಾಗಿ ನೋಡಿದರು.

"ಅಲೋಂಜೊ, ನಂಗೆ ಓದಕ್ಕೆ ಬರ್ತಿರ್ಲಿಲ್ಲ."

"ಏನು?"

"ಸ್ವರ ಓದಕ್ಕೆ ಬರ್ತಿರ್ಲಿಲ್ಲ ಕಣೋ. ಒಂದೂ ಬರ್ತಿರ್ಲಿಲ್ಲ. ನೀನು ಅಭ್ಯಾಸದಲ್ಲಿ ಎಲ್ಲಾರದ್ದೂ ಬಾಯಲ್ಲಿ ಹಾಡಿ ತೋರಿಸ್ತಿದ್ದಲ್ಲ, ಅದನ್ನ ಕೇಳಿ ಕೇಳಿ ಕಲೀತಿದ್ದೆ. ಉಳಿದಿದ್ದಕ್ಕೆ ಡಾಬಿನ್ಸ್ ಕೋಲು ನೋಡ್ತಿದ್ದೆ. ಆ ಹಾಳೇಲಿ ನೀನು ನಾಲ್ಕು ಬರ್ದಿದ್ಯೋ ಎಂಟು ಬರ್ದಿದ್ಯೋ ನಂಗೇನು ಗೊತ್ತು? ಹಂದಿ ಸಾರು ಮಾಡೋದು ಹೇಗೆ ಅಂತ ಬರ್ದಿದ್ರೂ ನಂಗೆ ಒಂದೇ ಆಗಿತ್ತು. ಕೋಲು ನೋಡಿ ಊದಿದೆ ಅಂದ್ರೆ ಓದಕ್ಕೆ ಬರಲ್ಲ ಅಂತ ಗೊತ್ತಾಗಿ ಬ್ಯಾಂಡಿಂದ ತೆಗೀತಾರೆ ಅಂತ, ಕಾಗದದಲ್ಲಿ ನಾಲ್ಕಿತ್ತು ಅಂದ್ಬಿಟ್ಟೆ. ಹಾಳೇನೂ ನಾನೇ ಹರಿದು ಬಿಸಾಕಿದೆ. ನನ್ನ ಬದ್ಲು ನಿನ್ನ ತೆಗೆದ್ರು."

ಅಲೋಂಜೊ ಸಟ್ಟುಗ ಕೆಳಗಿಟ್ಟರು. ಹಿಂದಿನ ಕೋಣೆಗೆ ಹೋದರು. ಅರ್ಧ ಗಂಟೆಯಾದರೂ ಬರಲಿಲ್ಲ. ಅರ್ನೆಸ್ಟೀನ್ ಇಣುಕಿ ನೋಡಿದರೆ ಮೂಟೆಯ ಮುಂದೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ನಾಳೆಯದನ್ನೂ ನಾಡಿದ್ದಿನದನ್ನೂ ಸೇರಿಸಿ ತೆಗೆದಿದ್ದರು. "ಅಪ್ಪಾ?" ಎಂದರೆ, "ತಪ್ಪಿದ್ದು ನನ್ನ ಕೈಯಿಂದ ಅಲ್ಲ," ಎಂದರು, ಆಲೂಗಡ್ಡೆಗೇ ಹೇಳುವ ಹಾಗೆ. "ನಾನು ಏನೇ ಬರ್ದಿದ್ರೂ ಅವನು ಓದೇ ಇರ್ಲಿಲ್ಲ."

ಹೊರಗೆ ಬಂದರು. ಅಷ್ಟರಲ್ಲಿ ಮಾಮೂಲಿ ಗಿರಾಕಿಗಳು ಬಾಗಿಲ ಹೊರಗೆ ಚಳಿಯಲ್ಲಿ ಸಾಲುಗಟ್ಟಿ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದರು. ಅಲೋಂಜೊ ರೂಫಸ್ ಮುಂದೆ ನಿಂತರು.

"ಮೂರು ವರ್ಷ ನಿಂಗೋಸ್ಕರ ಹಾಳೆ ಬರ್ದೆನಲ್ಲೋ! ಕುಣಿಯೋ ಬಸ್ಸಲ್ಲಿ, ಮೊಣಕಾಲ ಮೇಲೆ!"

"ನೋಡಕ್ಕೆ ಬಲು ಚೆನ್ನಾಗಿರ್ತಿತ್ತು," ಎಂದರು ರೂಫಸ್.

ಅಲೋಂಜೊ ಅವರ ಮುಖ ಗಂಟಿಕ್ಕಿತು, ಬಿಚ್ಚಿತು, ಮತ್ತೆ ಗಂಟಿಕ್ಕಿತು. ಆಮೇಲೆ ನಗು ಎಲ್ಲಿಂದಲೋ ಉಕ್ಕಿ ಬಂತು. ಕೌಂಟರ್ ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡು ನಕ್ಕರು. ಆಚೆ ಸ್ಟೂಲಿನ ಮೇಲೆ ರೂಫಸ್ ಮಾತ್ರ ನಗಲಿಲ್ಲ, ಟೊಪ್ಪಿ ಹಿಂಡುತ್ತಾ ಕೂತಿದ್ದರು. "ಹದಿಮೂರು ವರ್ಷ ದಿನಾ ಹೇಳ್ಬೇಕು ಅಂತಲೇ ಬರ್ತಿದ್ದೆ," ಎಂದರು. "ಬಂದು ಕೂತ ತಕ್ಷಣ ಮೊಟ್ಟೆ ಬರ್ತಿತ್ತು. ತಿಂದು ಹೋಗ್ತಿದ್ದೆ."

"ಮತ್ತೆ ಈಗ ನನ್ನ ಹಾಳೆ ಹೇಗೋ ಓದ್ತೀಯ?"

"ಹ್ಯಾಟಿ ಕಲ್ಸಿದ್ಲು. ನಿನ್ನ ತೆಗೆದ ಚಳಿಗಾಲದಲ್ಲೇ ಅವಳ ಹತ್ರ ಹೋದೆ, ಸ್ವರ ಓದೋದು ಕಲ್ಸು ಅಂತ. ನಾನು ಮಹಾ ದಡ್ಡ. ಕಲಿಸೋಕೆ ಎಷ್ಟು ದಿನ ಹಿಡೀತು ಅಂದ್ರೆ, ಅಷ್ಟರಲ್ಲಿ ಮದ್ವೆನೇ ಆಗೋಯ್ತು."

ಅಲೋಂಜೊ ಎಡಗಿವಿಯ ಪೆನ್ಸಿಲ್ ತೆಗೆದರು. "ಮೊಟ್ಟೆ ಹೇಗಿರ್ಬೇಕು?"

"ಇಷ್ಟು ವರ್ಷದಿಂದ ಒಂದೇ ಥರ ತಿಂತಿದೀನಿ, ಗೊತ್ತಿಲ್ವಾ?"

"ಗೊತ್ತು. ನಿನ್ನ ಬಾಯಲ್ಲಿ ಕೇಳ್ಬೇಕಿತ್ತು."

ಕೋಪ ಪೂರ್ತಿ ಇಳಿಯಲಿಕ್ಕೆ ಇನ್ನೂ ಕೆಲವು ವಾರ ಹಿಡಿಯಿತು ಎಂದು ಅಲೋಂಜೊ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಬೆಳಿಗ್ಗೆ ನಗುತ್ತಿದ್ದರು, ಮಧ್ಯಾಹ್ನ ಇದ್ದಕ್ಕಿದ್ದಂತೆ ಸ್ವರ ಬರೆಯದೆ ಕಳೆದ ಇಪ್ಪತ್ತೊಂದು ವರ್ಷ ನೆನಪಾಗಿ ಪಾತ್ರೆ ಕುಕ್ಕುತ್ತಿದ್ದರು. ಒಂದು ಗುರುವಾರ ರೂಫಸ್ ಅವರ ಮುಖಕ್ಕೇ ಬೈದು ಬ್ಯಾಂಡಿನ ಅಭ್ಯಾಸ ಅರ್ಧಕ್ಕೇ ಬಿಟ್ಟು ಎದ್ದುಹೋದರು. ರೂಫಸ್ ಮರುದಿನವೂ ಐದೂವರೆಗೆ ಬಂದು ಬಾಗಿಲು ತಟ್ಟಿದರು, ಅದರ ಮರುದಿನವೂ. "ಬೈಸ್ಕೊಳ್ಳೋಕೆ ಬಾಕಿ ಇತ್ತಲ್ಲ, ಬರ್ಲೇಬೇಕಿತ್ತು," ಎನ್ನುತ್ತಾರೆ ಅವರು. ಆದರೆ ಟ್ರಾಂಬೋನ್ ಹಾಳೆಯ ಮೇಲಿನ ದಪ್ಪ ಅಂಕಿಗಳು ಆ ಡಿಸೆಂಬರಿನಿಂದ ನಿಂತುಹೋದವು.

ಒಂಬತ್ತನೆಯ ತಟ್ಟೆಗೆ ಒಪ್ಪಿಗೆ ಕೊಡುವಾಗ ಅಲೋಂಜೊ ಒಂದೇ ಷರತ್ತು ಹಾಕಿದರು. ರೆಕಾರ್ಡಿನ ಲಕೋಟೆಯ ಮೇಲೆ ಹದಿಮೂರು ಜನರ ಹೆಸರೂ ಇರಬೇಕು, ಡಾಬಿನ್ಸ್‌ದೂ ಸೇರಿ. ಯಾರು ಯಾವ ವಾದ್ಯ ನುಡಿಸಿದರು ಎಂಬುದೂ ಇರಬೇಕು. ಐನೂರು ಪ್ರತಿ ಅಚ್ಚಾಯಿತು. ಡೆನ್ಮಾರ್ಕಿನಿಂದ ಯಾರೋ ನಾಲ್ಕು ಪುಟದ ಕಾಗದ ಬರೆದು, ಸ್ಯಾಕ್ಸೊಫೋನ್‌ಗಳನ್ನು ಅಷ್ಟು ಹತ್ತಿರ ಹತ್ತಿರ ಕೂರಿಸುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು. ಅಲೋಂಜೊ ಪೋಸ್ಟ್ ಕಾರ್ಡಿನಲ್ಲಿ ಉತ್ತರಿಸಿದರು: ಬಸ್ಸಿನಲ್ಲಿ ಜಾಗ ಕಡಿಮೆ ಇತ್ತು.

ಮಾರ್ಚ್ ಕೊನೆಯಲ್ಲಿ ಚರ್ಚಿನ ಸಭಾಂಗಣದಲ್ಲಿ ಗುರುವಾರದ ಬ್ಯಾಂಡು ಆ ರಚನೆಯನ್ನು ನುಡಿಸಿತು. ಹಳೇ ಹಾಳೆಗಳು ಬೂದಿಯಾಗಿದ್ದರೂ ಅಲೋಂಜೊ ಅವರಿಗೆ ಒಂದೊಂದು ಸ್ವರವೂ ನೆನಪಿತ್ತು. ಆದರೂ ಹಾಗೇ ಬರೆಯಲಿಲ್ಲ. ದಾದಿಯ ಕ್ಲಾರಿನೆಟ್ ಮೆಲುದನಿಯದು, ಅವರಿಗೆ ತಕ್ಕ ಹಾಗೆ ಸುತ್ತಲಿನವರನ್ನು ತಗ್ಗಿಸಿದರು. ಅಂಚೆಯವರ ಉಸಿರು ಈಗ ಗಿಡ್ಡ, ಅವರ ಸಾಲನ್ನು ತುಂಡು ಮಾಡಿ ಪಕ್ಕದವರಿಗೆ ಹಂಚಿದರು. ಎಂಟು ಎಣಿಕೆಯನ್ನು ಮಾತ್ರ ಮುಟ್ಟಲಿಲ್ಲ.

ಕೊನೆಯ ಸುತ್ತಿನಲ್ಲಿ ಬ್ಯಾಂಡು ನಿಂತಾಗ ಸಭಾಂಗಣದಲ್ಲಿ ಮುನ್ನೂರು ಜನ ಉಸಿರು ಹಿಡಿದರು. ಅಷ್ಟರಲ್ಲಿ ಊರಿಗೆಲ್ಲ ಕಥೆ ಗೊತ್ತಾಗಿತ್ತಲ್ಲ. ನಾಲ್ಕು ಆಯಿತು. ಮೊದಲ ಸಾಲಿನಲ್ಲಿ ಹ್ಯಾಟಿ ಕಣ್ಣು ಮುಚ್ಚಿಕೊಂಡಿದ್ದರು. ಐದು. ರೂಫಸ್ ಅವರ ಟ್ರಾಂಬೋನ್ ತುಟಿಯ ಮೇಲೇ ಇತ್ತು, ಕಣ್ಣು ಕಾಗದದ ಮೇಲೆ. ಆರು, ಏಳು, ಎಂಟು. ಹದಿನಾಲ್ಕು ಜನ ಒಂದೇ ಬಾಯಿ ಎಂಬಂತೆ ಒಳಬಂದರು. ಚಪ್ಪಾಳೆ ತಟ್ಟಬೇಕಾದ ಜಾಗವಲ್ಲ ಅದು, ರಚನೆ ಇನ್ನೂ ಮುಗಿದಿರಲಿಲ್ಲ. ಜನ ತಟ್ಟಿಯೇಬಿಟ್ಟರು. ಉಳಿದ ಹದಿನಾರು ಸಾಲು ಯಾರಿಗೂ ಕೇಳಿಸಲಿಲ್ಲ. ಅಲೋಂಜೊ ಅವರಿಗೆ ಅದೊಂದು ಬೇಜಾರು. "ಆ ಮುಕ್ತಾಯ ಚೆನ್ನಾಗಿ ಬರ್ದಿದ್ದೆ," ಎನ್ನುತ್ತಾರೆ.

ಹತ್ತೂವರೆ. ತಿಂಡಿಯ ಗದ್ದಲ ಇಳಿದಿದೆ. ಕಾವಲಿ ಕೆರೆದು ಎಣ್ಣೆ ಸವರಿ ಅಲೋಂಜೊ ಮತ್ತೆ ಹಾಳೆಗಳ ಮುಂದೆ ಕೂರುತ್ತಾರೆ. ಮುಂದಿನ ತಿಂಗಳ ಚರ್ಚಿನ ಊಟಕ್ಕೆ ಹೊಸದೊಂದು ರಚನೆ. ರೂಫಸ್ ಎರಡನೇ ಕಪ್ಪು ಕಾಫಿ ಹಿಡಿದು ಪಕ್ಕದಲ್ಲಿ ಬಂದು ನಿಂತು ಒಂದೊಂದೇ ಹಾಳೆ ಎತ್ತಿ ನೋಡುತ್ತಾರೆ. ಟ್ರಂಪೆಟ್, ಕ್ಲಾರಿನೆಟ್, ಟ್ರಾಂಬೋನ್. ಹದಿನೈದನೆಯ ಹಾಳೆಯೊಂದಿದೆ. ಬ್ಯಾರಿಟೋನ್ ಸ್ಯಾಕ್ಸೊಫೋನ್, ಮಂದ್ರದಲ್ಲಿ ನುಡಿಯುವ ದೊಡ್ಡ ವಾದ್ಯ.

"ಇದು ಯಾರಿಗೋ? ನಮ್ಮಲ್ಲಿ ಬ್ಯಾರಿಟೋನ್ ಎಲ್ಲಿದೆ?"

"ಇಲ್ಲ."

"ಮತ್ತೆ?"

ಅಲೋಂಜೊ ಬರೆಯುವುದನ್ನು ನಿಲ್ಲಿಸುವುದಿಲ್ಲ. ನಿಮಗೆ ಇನ್ನು ಏನಾದರೂ ಆಗಬೇಕು ಅಂತಿದೆಯೇ ಎಂದು ಕೇಳಿದರೆ ಅವರು ತೋರಿಸುವುದೂ ಈ ಹಾಳೆಯನ್ನೇ. ರೆಕಾರ್ಡು, ಡೆನ್ಮಾರ್ಕಿನ ಕಾಗದ ಇವುಗಳ ಮಾತೇ ಎತ್ತುವುದಿಲ್ಲ.

"ಇಪ್ಪತ್ತೆರಡು ವರ್ಷದಿಂದ ಪ್ರತಿ ಹಾಡಿಗೂ ಇದೊಂದು ಬರ್ದು ಇಡ್ತಾ ಬಂದಿದೀನಿ. ಈ ಊರಲ್ಲಿ ಯಾರೋ ಒಬ್ಬರ ಮಂಚದ ಕೆಳಗೆ ಒಂದು ಬ್ಯಾರಿಟೋನ್ ಇದ್ದೇ ಇರತ್ತೆ. ಯಾವತ್ತಾದ್ರೂ ಗುರುವಾರ ಅದನ್ನ ಹೊತ್ಕೊಂಡು ಮೆಟ್ಟಿಲು ಇಳಿದು ಬರ್ತಾರೆ. ಬಂದಾಗ, ಅಯ್ಯೋ ನಿಮಗೆ ಬರ್ದಿಲ್ವಲ್ಲ ಅನ್ನೋದು ಚೆನ್ನಾಗಿರಲ್ಲ."